ಕೆರಿಯಪ್ಪ ಬಾಗಿದ್ದು

ಮೊದಲೇ ಹೇಳಿಬಿಡಬೇಕು: ಆ ಸಂಜೆ ಸಾಗರದ ಮೈದಾನದಲ್ಲಿ ನಿಜಕ್ಕೂ ಏನು ನಡೆಯಿತು ಎಂಬುದು ನನಗೆ ಖಚಿತವಿಲ್ಲ. ನಾನು ಅಲ್ಲಿದ್ದೆ. ಬರೀ ಇದ್ದದ್ದಲ್ಲ, ಎಲ್ಲರಿಗಿಂತ ಚೆನ್ನಾಗಿ ಕಾಣುವ ಜಾಗದಲ್ಲಿದ್ದೆ, ಗೋಲಿನ ಎರಡು ಕಂಬಗಳ ನಡುವೆ. ಆದರೂ ಆಗ ಮಳೆ ಬರುತ್ತಿತ್ತೋ ನಿಂತಿತ್ತೋ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೊಂದು ಸಲ ಒಂದೊಂದು ಥರ ಇರುತ್ತದೆ. ಚೆಂಡು ನನ್ನ ಎಡಗಡೆಯಿಂದ ಒಳಗೆ ಹೋಯಿತೆಂದು ಬಹಳ ವರ್ಷ ಹೇಳಿಕೊಂಡು ಬಂದೆ. ಈಗ ಕಣ್ಣು ಮುಚ್ಚಿದರೆ ಅದು ಬಲಗಡೆಯಿಂದ ಹೋಗುತ್ತದೆ. ಒಂದು ಘಟನೆಯನ್ನು ಹೇಳುತ್ತ ಹೇಳುತ್ತ ನಮಗೆ ನೆನಪಾಗುವುದು ಘಟನೆಯಲ್ಲ, ಹಿಂದಿನ ಸಲ ನಾವೇ ಹೇಳಿದ್ದು ಎಂಬುದು ನನ್ನ ಹಳೆಯ ಅನುಮಾನ. ಹಾಗಾಗಿ ನಾನು ಕಂಡದ್ದೆಷ್ಟು, ಪೇಟೆಯ ಹೋಟೆಲಿನಲ್ಲಿ ಕೇಳಿದ್ದೆಷ್ಟು ಎಂದು ಇಲ್ಲಿ ಬೇರೆ ಮಾಡಲು ನೋಡುತ್ತೇನೆ. ಪೂರ್ತಿ ಆಗಲಿಕ್ಕಿಲ್ಲ.

ಈಚೆಗೆ ಸಾಗರಕ್ಕೆ ಹೋದಾಗ ಒಂದು ಪಂಕ್ಚರ್ ಅಂಗಡಿಯ ಮುಂದೆ ಮಳೆಗೆ ನಿಲ್ಲಬೇಕಾಯಿತು. ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ನಿನ ವಾಸನೆ. ಅದರ ಜೊತೆಗೆ ಪಕ್ಕದ ಚಪ್ಪಲಿ ರಿಪೇರಿಯವನ ಹತ್ತಿರ ನೆನೆದು ಬಿದ್ದಿದ್ದ ಚರ್ಮದ ವಾಸನೆ. ಇವೆರಡೂ ಒಟ್ಟಿಗೆ ಮೂಗಿಗೆ ಬಂದದ್ದೇ ನನ್ನ ಅಂಗೈ ತಣ್ಣಗಾಯಿತು. ಗೋಲಿನಲ್ಲಿ ನಿಂತಾಗ ಆಗುತ್ತಿದ್ದ ಹಾಗೆಯೇ. ನೆನಪನ್ನು ನಂಬದಿದ್ದರೂ ಅಂಗೈಯನ್ನು ನಂಬಬಹುದು ಎಂದುಕೊಂಡೆ.

ಅರವತ್ತರ ದಶಕದ ಮೊದಲ ಭಾಗ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮುಂದೆ ಓದುವುದೋ ಬೇಡವೋ ಎಂದು ತೀರ್ಮಾನವಾಗದೆ ಒಂದು ವರ್ಷ ಸಾಗರದ ಹೈಸ್ಕೂಲಿನಲ್ಲಿ ತಾತ್ಕಾಲಿಕ ಮೇಷ್ಟ್ರಾಗಿದ್ದೆ. ಶರಾವತಿಗೆ ಅಣೆಕಟ್ಟೆ ಏಳುತ್ತಿದ್ದ ಕಾಲ ಅದು. ಪೇಟೆಯಲ್ಲಿ ಸಿಮೆಂಟಿನ ಲಾರಿಗಳು, ಹಿಂದೆಂದೂ ಕೇಳದ ಭಾಷೆಗಳು, ಹೋಟೆಲುಗಳಲ್ಲಿ ಕೂರಲು ಜಾಗವಿಲ್ಲ. ಹೊಳೆಯ ಎರಡೂ ದಂಡೆಯ ಹಳ್ಳಿಗಳಲ್ಲಿ ಮಾತ್ರ ಒಂದೇ ಮಾತು: ಮುಂದಿನ ಮಳೆಗೆ ನೀರು ಎಲ್ಲಿವರೆಗೆ ಬರುತ್ತದೆ?

ನಮ್ಮ ಕಡೆ ಫುಟ್‌ಬಾಲಿಗೆ ಒಂದು ಕಾಲವಿತ್ತು. ನಾಟಿ ಮುಗಿಯಬೇಕು, ಕೊಯ್ಲು ಶುರುವಾಗಿರಬಾರದು. ಗದ್ದೆ ಕೆಲಸದವರಿಗೆ ಕೈಕಾಲು ಬಿಡುವಾಗುವುದು ಆಗ ಮಾತ್ರ. ಆ ಎರಡು ಮೂರು ತಿಂಗಳು ಸಾಗರ, ಹೊಸನಗರ, ತೀರ್ಥಹಳ್ಳಿಯ ತಂಡಗಳು ಒಬ್ಬರ ಮೈದಾನಕ್ಕೆ ಇನ್ನೊಬ್ಬರು ಹೋಗಿ ಆಡುವುದು, ಬೈಯಿಸಿಕೊಂಡು ಬರುವುದು. ಕೆಸರು, ಜಿಗಣೆ, ಬರಿಗಾಲು. ಚರ್ಮದ ಚೆಂಡು ನೀರು ಕುಡಿದು ಕಲ್ಲಿನಂತಾಗುತ್ತಿತ್ತು. ಸಾಗರದ ತಂಡ ಅಂದರೆ ಸೈಕಲ್ ಶಾಪಿನ ಇಬ್ರಾಹಿಮಣ್ಣ. ಚೆಂಡು ಅವರದ್ದು, ಸೀಟಿ ಅವರದ್ದು, ಬ್ಲಾಡರ್ ತೂತಾದರೆ ಸೈಕಲ್ ಟ್ಯೂಬಿನ ಪ್ಯಾಚ್ ಹಾಕುತ್ತಿದ್ದವರೂ ಅವರೇ. ಎತ್ತರ ಇದ್ದೇನೆಂಬ ಒಂದೇ ಕಾರಣಕ್ಕೆ ನನ್ನನ್ನು ಗೋಲಿನಲ್ಲಿ ನಿಲ್ಲಿಸಿದರು. "ಮೇಷ್ಟ್ರೇ, ನೀವು ಹಿಡೀದಿದ್ರೂ ಅಡ್ಡಿಲ್ಲ, ಅಡ್ಡ ನಿಂತ್ರೆ ಸಾಕು" ಎಂದಿದ್ದರು.

ಆದರೆ ಜನ ಬರುತ್ತಿದ್ದದ್ದು ಇಬ್ಬರನ್ನು ನೋಡಲು. ಮಂಜಪ್ಪ, ಕೆರಿಯಪ್ಪ. ಅಣ್ಣ ತಮ್ಮ. ತುಮರಿಯ ದಾರಿಯಲ್ಲಿ, ಹೊಳೆಗೆ ಈಚೆ ಅವರ ಹಳ್ಳಿ. ಗೇಣಿ ಗದ್ದೆ ಮಾಡುತ್ತಿದ್ದ ಮನೆ. ಮೂರು ತಾಲೂಕಿನಲ್ಲಿ ಅವರ ಹೆಸರು ಗೊತ್ತಿಲ್ಲದ ಹೋಟೆಲಿರಲಿಲ್ಲ. ಇಬ್ಬರಲ್ಲಿ ಯಾರು ಹೆಚ್ಚು ಎಂಬ ಜಗಳ ಅವರು ಮೈದಾನಕ್ಕೆ ಬರುವ ಮೊದಲೇ ಶುರುವಾಗಿ ಅವರು ಊರಿಗೆ ಹೋದ ಮೇಲೂ ನಡೆಯುತ್ತಿತ್ತು.

ಮಂಜಪ್ಪ ಓಡುತ್ತಿರಲಿಲ್ಲ. ನಡೆಯುತ್ತಿದ್ದ. ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಅವನು ಮೊದಲೇ ನಿಂತಿರುತ್ತಿದ್ದ. ಹೊಸನಗರದವರು ಆಗೆಲ್ಲ ಪೂರ್ತಿ ಅವನ ಕಡೆಯೇ. ಕಾರ್ನರಿನಿಂದ ಬಂದ ಚೆಂಡಿಗೆ ಅವನು ಅಲ್ಲಿ ತಲೆ ಕೊಟ್ಟ ರೀತಿ ನೋಡಿದ್ದರಂತೆ. ಜಿಗಿಯಲೇ ಇಲ್ಲ, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುವವನ ಹಾಗೆ ಒಂದು ಹೆಜ್ಜೆ ಮುಂದಿಟ್ಟ, ಅಷ್ಟೆ, ಗೋಲು. ಕೆರಿಯಪ್ಪ ಬೇರೆಯೇ ಜಾತಿಯ ಆಟಗಾರ. ಕೆಸರಿನಲ್ಲಿ ಹೂತ ಚೆಂಡನ್ನು ಹೆಬ್ಬೆರಳಲ್ಲಿ ಎತ್ತಿ, ಎದುರಿನವನ ಮಂಡಿಯ ಮೇಲಿನಿಂದ ದಾಟಿಸಿ, ಆಚೆ ಬದಿಯಲ್ಲಿ ತಾನೇ ಹೋಗಿ ಹಿಡಿಯುತ್ತಿದ್ದ. ತೀರ್ಥಹಳ್ಳಿಯಲ್ಲಿ ಅವನು ಇಡೀ ಮೈದಾನ ಉದ್ದಕ್ಕೂ ಒಬ್ಬನೇ ಚೆಂಡು ಒಯ್ದು ಹೊಡೆದ ಗೋಲು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅವನ ಹಿಂಗಾಲಿನಿಂದ ಹಾರಿದ ಕೆಸರು, ಬಿದ್ದ ಬ್ಯಾಕು, ಎಲ್ಲ. ಆದರೆ ನಾನಿದ್ದದ್ದು ಆಚೆ ತುದಿಯ ಗೋಲಿನಲ್ಲಿ. ಆ ದಿನ ಮಳೆಗೆ ನಡುಗೆರೆಯೂ ಕಾಣುತ್ತಿರಲಿಲ್ಲ. ಹಾಗಾದರೆ ಈ ನೆನಪು ಯಾರ ಕಣ್ಣಿನದು? ಯಾರೋ ಕಾಫಿ ಕುಡಿಯುತ್ತ ಹೇಳಿದ್ದನ್ನು ನಾನು ನೋಡಿದ್ದೆಂದು ಇಟ್ಟುಕೊಂಡಿರಬೇಕು.

"ಮಂಜ ಆಡೋದಲ್ಲ ಅದು, ಗದ್ದೆ ಅಂಚಲ್ಲಿ ಕೊಕ್ಕರೆ ಮೀನು ಕಾಯ್ದಂಗೆ ಕಾಯ್ತಾನೆ," ಎಂದು ಹೋಟೆಲಿನ ಶೀನಯ್ಯ ಗಲ್ಲಾದಲ್ಲಿ ಕೂತು ಹೇಳುವುದು.

"ಹಸಕಂಡಿರೋ ಕೊಕ್ಕರೆ ಯಾವತ್ತಾದ್ರೂ ನೋಡಿದೀರಾ ಶೀನಯ್ಯೋರೆ?" ಎಂದು ಇಬ್ರಾಹಿಮಣ್ಣ.

"ಕೆರಿಯನ ಕಾಲು ನೋಡಿ, ಕಾಲು!"

"ಕಾಲು ಸರಿ. ಮೇಲೊಂದು ತಲೆ ಬೇಕಲ್ಲ."

ಒಮ್ಮೆ ನನ್ನನ್ನು ಎಳೆದರು. ಮೈಸೂರಿನಲ್ಲಿ ಓದಿಕೊಂಡು ಬಂದವರು, ಅಳೆದು ಹೇಳಲಿ ಎಂದರು. ನಾನು ಗಂಭೀರವಾಗಿ, ವೇಗ ಬೇರೆ, ದಿಕ್ಕಿನ ಅಂದಾಜು ಬೇರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ ಎಂದು ವಿವರಿಸಿದೆ. ಶೀನಯ್ಯ ನಕ್ಕರು. "ಓಹೋ, ಇಬ್ರೂ ಒಳ್ಳೇರು ಅನ್ನಕ್ಕೆ ಡಿಗ್ರಿ ಬೇಕಾಯ್ತು ಅನ್ನಿ."

ಇದೆಲ್ಲ ತಮಾಷೆಯಾಗಿತ್ತು, ಆ ಓವರ್‌ಸಿಯರ್ ಬರುವ ತನಕ.

ಅಣೆಕಟ್ಟೆಯ ಕಾಮಗಾರಿಯವರದ್ದೇ ಒಂದು ಫುಟ್‌ಬಾಲ್ ತಂಡ ಕಟ್ಟುವ ಹುಚ್ಚು ಅವರಿಗೆ. ದೊರೆಸ್ವಾಮಿ ಎಂದು ಹೆಸರು. ಬೆಂಗಳೂರಿನಲ್ಲಿ ಒಳ್ಳೆಯ ಆಟ ಆಡಿ ಬಂದವರೆಂದು ಹೇಳುತ್ತಿದ್ದರು. ಹೊಸನಗರದ ಒಂದು ಆಟ ನೋಡಿ ನೇರ ಇಬ್ರಾಹಿಮಣ್ಣನ ಅಂಗಡಿಗೆ ಬಂದರು. ನಾನು ಅಲ್ಲೇ ಸೈಕಲ್ಲಿಗೆ ಗಾಳಿ ಹಾಕಿಸಿಕೊಳ್ಳುತ್ತಿದ್ದೆ.

"ಒಂದು ಕೆಲಸ ಖಾಲಿ ಇದೆ. ಖಾಯಂ ಕೆಲಸ. ಇರೋದಕ್ಕೆ ಮನೆ ಕೊಡ್ತಾರೆ. ಅಣ್ಣ ತಮ್ಮಂದಿರಲ್ಲಿ ಒಬ್ಬನನ್ನ ತಗೋತೀನಿ."

"ಸ್ವಾಮಿ, ಇಬ್ರನ್ನೂ ತಗಳಿ. ಒಬ್ಬನ್ನ ಬಿಟ್ಟು ಒಬ್ಬ ಆಡಿದ್ದೇ ಇಲ್ಲ ಅವ್ರು."

"ಇಬ್ಬರಿಗೆ ಜಾಗ ಇಲ್ಲ. ಎದುರು ಬದುರು ಆಡಿಸಿ. ನಾನೇ ನೋಡಿ ಆರಿಸ್ತೀನಿ."

ಇಬ್ರಾಹಿಮಣ್ಣ ಕೈಯಲ್ಲಿದ್ದ ಪಂಪು ಕೆಳಗಿಟ್ಟರು. ಅಭ್ಯಾಸದ ಆಟದಲ್ಲೂ ಅವರು ಆ ಇಬ್ಬರನ್ನು ಬೇರೆ ಬೇರೆ ಕಡೆ ಹಾಕಿದವರಲ್ಲ. ಕಾರಣ ಕೇಳಿದರೆ, "ಒಂದೇ ಮನೇಲಿ ಉಣ್ಣೋರು, ಎದುರು ನಿಲ್ಲಿಸಬಾರ್ದು" ಎನ್ನುತ್ತಿದ್ದರು.

ಆ ಕೆಲಸ ಅಂದರೆ ಆ ಮನೆಗೆ ಏನು ಎಂದು ಪೇಟೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರ ಗದ್ದೆ ಮುಳುಗಡೆಯ ಗೆರೆಯೊಳಗೆ ಬಿದ್ದಿತ್ತು. ಗದ್ದೆ ಒಡೆಯರ ಹೆಸರಲ್ಲಿದೆ. ಪರಿಹಾರ ಬಂದರೆ ಅದೂ ಅವರ ಹೆಸರಿಗೇ. ಗೇಣಿಯವರಿಗೆ ಎಲ್ಲೋ ಕಾಡಿನಲ್ಲಿ ಜಾಗ ತೋರಿಸುತ್ತಾರಂತೆ ಎಂಬ ಮಾತಿತ್ತು. ಯಾವ ಕಾಡು, ಯಾವಾಗ, ಯಾರಿಗೂ ಗೊತ್ತಿಲ್ಲ. ಆದರೂ ಆ ವರ್ಷ ನಾಟಿ ಮಾಡಿದ್ದರು. ಮಂಜಪ್ಪನಿಗೆ ಮದುವೆಯಾಗಿ ಒಂದು ಕೂಸಿತ್ತು. ಕೆರಿಯಪ್ಪ ಒಂಟಿ. ಹಾಗಾಗಿ ನ್ಯಾಯ ಅಣ್ಣನ ಕಡೆ ಎಂದು ಕೆಲವರು. ನ್ಯಾಯಕ್ಕೆ ಕೆಲಸ ಕೊಡುತ್ತಿಲ್ಲ, ಆಟಕ್ಕೆ ಕೊಡುತ್ತಿದ್ದಾರೆ ಎಂದು ಉಳಿದವರು.

ನಡುವಿನ ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ, ಯಾಕೆಂದರೆ ಹಿಂಸೆಯಾಗಿದ್ದವು. ಹೋಟೆಲಿನಲ್ಲಿ ತಮಾಷೆ ನಿಂತುಹೋಯಿತು. ಅಣ್ಣನ ಕಡೆಯವರು ಒಂದು ಮೇಜು, ತಮ್ಮನ ಕಡೆಯವರು ಇನ್ನೊಂದು ಮೇಜು. ಭಾನುವಾರ ಅಭ್ಯಾಸಕ್ಕೆ ಬಂದ ಕೆರಿಯಪ್ಪ ನನ್ನ ಪಕ್ಕದಲ್ಲಿ ಕೂತು ಕಾಲಿನ ಜಿಗಣೆ ಕೀಳುತ್ತ ತಾನಾಗಿಯೇ ಹೇಳಿದ:

"ಮೇಷ್ಟ್ರೇ, ಅವ್ರು ಬೂಟು ಕೊಡ್ತಾರಂತೆ, ಹೌದಾ?"

"ಕೊಡಬಹುದು."

"ನನಗೆ ಇದು ಬಿಟ್ರೆ ಎಂತ ಬರ್ತದೆ ಹೇಳಿ? ಗದ್ದೇಲೂ ಅಣ್ಣನೇ ಚುರುಕು. ನಾನು ನಟ್ಟಿದ್ದು ಸಾಲು ಸೊಟ್ಟ ಅಂತ ಅಬ್ಬಿ ಇವತ್ತಿಗೂ ಬೈತಾಳೆ." ಅವನ ಅಬ್ಬಿ ಎಂದರೆ ತಾಯಿ. "ನನಗೆ ಬೇಕು ಮೇಷ್ಟ್ರೇ, ಈ ಕೆಲಸ. ಸುಳ್ಳು ಯಾಕೆ ಹೇಳ್ಲಿ."

ಇದು ಕೇಳಿದ ಮಾತು, ಕಲ್ಪಿಸಿಕೊಂಡದ್ದಲ್ಲ. ಬೂಟಿನ ವಿಷಯ ಬೇರೆ ಯಾರೂ ನನಗೆ ಹೇಳಿಲ್ಲ. ಮಂಜಪ್ಪ ಮಾತ್ರ ನಮ್ಮ ಹತ್ತಿರ ಬರಲಿಲ್ಲ. ಮೈದಾನದ ಅಂಚಿನಲ್ಲಿ ನಿಂತು ಆಕಾಶ ನೋಡುತ್ತಿದ್ದ.

ಆಟ ಇಟ್ಟದ್ದು ಭೂಮಿ ಹುಣ್ಣಿಮೆಗೆ ಮುಂಚೆ. ತೆನೆ ಹೊರಡುವ ಮುಂಚೆ ಹೊಡೆ ತುಂಬಿದ ಗದ್ದೆಗೆ ಬುಟ್ಟಿ ಹೊತ್ತು ಹೋಗಿ ಭೂಮಿಗೆ ಬಸುರಿಗೆ ಬಡಿಸುವಂತೆ ಬಡಿಸುವ ಹಬ್ಬ ಅದು. ಆ ಗದ್ದೆಯಲ್ಲಿ ಆ ಹಬ್ಬ ಬಹುಶಃ ಕೊನೆಯದು. ಹಬ್ಬದೊಳಗೆ ಇತ್ಯರ್ಥವಾಗಿಬಿಡಲಿ ಎಂದು ಅವರ ಅಪ್ಪನೇ ಇಬ್ರಾಹಿಮಣ್ಣನಿಗೆ ಹೇಳಿ ಕಳಿಸಿದ್ದರಂತೆ.

ಆ ದಿನ ಮೈದಾನದ ಸುತ್ತ ಜನ ಕೊಡೆ ಹಿಡಿದು ನಿಂತಿದ್ದರು. ಹೊಸನಗರದಿಂದ, ತೀರ್ಥಹಳ್ಳಿಯಿಂದಲೂ ಬಂದಿದ್ದರು. ಕೊಡೆ ಇದ್ದವು ಅಂದ ಮೇಲೆ ಮಳೆ ಇರಬೇಕು. ಆದರೆ ನಮ್ಮಲ್ಲಿ ಆ ತಿಂಗಳು ಮಳೆ ಇಲ್ಲದಿದ್ದರೂ ಕೈಯಲ್ಲಿ ಕೊಡೆ ಇರುತ್ತದೆ. ಅಣ್ಣ ತಮ್ಮ ಒಟ್ಟಿಗೆ ಬರಲಿಲ್ಲ. ಮೊದಲು ಮಂಜಪ್ಪ ಪೇಟೆಯ ಕಡೆಯಿಂದ ಬಂದ. ಸ್ವಲ್ಪ ಹೊತ್ತಿಗೆ ಕೆರಿಯಪ್ಪ ಕೆರೆಯ ಕಡೆಯ ದಾರಿಯಿಂದ ಬಂದ. ಒಬ್ಬರನ್ನೊಬ್ಬರು ನೋಡಲಿಲ್ಲ. ಜನರಲ್ಲಿ ಗುಸುಗುಸು ಎದ್ದಿತು. ಮನೆಯಲ್ಲಿ ಜಗಳವಾಗಿದೆ ಎಂದು ಶೀನಯ್ಯ ನನ್ನ ಕಿವಿಯಲ್ಲಿ ಹೇಳಿ ಹೋದರು. ನಾನೂ ನಂಬಿದೆ.

ಕೆರಿಯಪ್ಪ ನನ್ನ ಕಡೆ, ಮಂಜಪ್ಪ ಎದುರು ಕಡೆ. ಇಬ್ರಾಹಿಮಣ್ಣ ಸೀಟಿ ಊದಿದ ಮೇಲೆ ಸ್ವಲ್ಪ ಹೊತ್ತು ಆಟವೇ ನಡೆಯಲಿಲ್ಲ ಅನ್ನಬೇಕು. ಯಾರೂ ಆ ಇಬ್ಬರಿಗೆ ಚೆಂಡು ಕೊಡುತ್ತಿರಲಿಲ್ಲ. ಯಾರ ಪಾಸಿನಿಂದ ಯಾರ ಅನ್ನ ಹೋಯಿತು ಎಂದು ಆಮೇಲೆ ಹೇಳಿಸಿಕೊಳ್ಳುವುದು ಯಾರಿಗೂ ಬೇಕಾಗಿರಲಿಲ್ಲ. ದೊರೆಸ್ವಾಮಿಯವರು ಗೆರೆಯ ಆಚೆಯಿಂದ ಬೈದ ಮೇಲೆಯೇ ಆಟ ಬಿಸಿಯಾದದ್ದು. ಕೆರಿಯಪ್ಪ ಒಂದು ಗೋಲು ಹೊಡೆದ. ಇದರಲ್ಲಿ ಅನುಮಾನವಿಲ್ಲ, ಎಲ್ಲರೂ ಒಪ್ಪುತ್ತಾರೆ. ಇಬ್ಬರು ಬ್ಯಾಕುಗಳ ನಡುವೆ ಹಾವಿನ ಹಾಗೆ ಹರಿದು ಹೋದ. ದೊರೆಸ್ವಾಮಿಯವರ ಮುಖ ಅರಳಿತು. ಅರ್ಧ ಆಟ ಮುಗಿದಾಗ ತೀರ್ಥಹಳ್ಳಿಯವರು ಕೆರಿಯಪ್ಪನ ಬೆನ್ನು ತಟ್ಟಿ, "ಇನ್ನು ನಿನ್ನ ನೋಡಕ್ಕೆ ಡ್ಯಾಮಿಗೇ ಬರ್ಬೇಕಲ್ಲ ಮಾರಾಯ" ಎಂದು ಕೀಟಲೆ ಮಾಡಿದರು. ಅವನು ನಗಲಿಲ್ಲ. ಆಚೆ ಬದಿಯಲ್ಲಿ ಅಣ್ಣ ಒಬ್ಬನೇ ಕೂತು ಎರಡು ಕೈಯಲ್ಲೂ ನೀರು ತುಂಬಿಕೊಂಡು ಕುಡಿಯುತ್ತಿದ್ದ. ಕೆರಿಯಪ್ಪ ಅತ್ತಲೇ ನೋಡುತ್ತಿದ್ದ.

ಮತ್ತೆ ಆಟ ಶುರುವಾಗುವಾಗ ದೊರೆಸ್ವಾಮಿಯವರು ಬಂದು ಹೇಳಿದರು: "ಈ ಹುಡುಗ ಮುಂದೆ ಆಡೋದು ನೋಡಿದೆ. ಈಗ ಹಿಂದೆ ನಿಲ್ಲಿಸಿ. ಅಣ್ಣನನ್ನ ತಡೀಲಿ."

ಆಮೇಲಿನದ್ದು ಬರೀ ಇಬ್ಬರ ಆಟ. ಮಂಜಪ್ಪ ಬರುವುದು, ಕೆರಿಯಪ್ಪ ತಡೆಯುವುದು. ಅಣ್ಣನ ಕಾಲಿಗೆ ಕಾಲು ತಾಗದ ಹಾಗೆ, ಮೊಸರಿನ ಮೇಲಿನ ಕೆನೆ ತೆಗೆದಂತೆ ಚೆಂಡನ್ನು ಮಾತ್ರ ತೆಗೆದುಬಿಡುತ್ತಿದ್ದ. ಮಂಜಪ್ಪನ ಮುಖ ಕಪ್ಪಿಟ್ಟಿತು. ಅವನು ನಡೆಯುವುದು ಬಿಟ್ಟು ಓಡತೊಡಗಿದ. ಮಂಜಪ್ಪ ಓಡಿದ್ದನ್ನು ನಾನು ಮೊದಲು ಕಂಡದ್ದು ಆಗ. ಅದು ಚೆನ್ನಾಗಿ ಕಾಣುತ್ತಿರಲಿಲ್ಲ. ಲಾರಿಗೆ ಕೈ ಅಡ್ಡ ಹಾಕುತ್ತ ಓಡುವವನ ಹಾಗಿತ್ತು.

ಮುಗಿಯಲು ಇನ್ನು ಸ್ವಲ್ಪವೇ ಹೊತ್ತಿತ್ತು. ಮಂಜಪ್ಪ ಚೆಂಡು ತೆಗೆದುಕೊಂಡು ನೇರ ನನ್ನ ಕಡೆಗೆ ಬಂದ. ಕೆರಿಯಪ್ಪ ಅಡ್ಡ ಬಂದ. ಇಬ್ಬರೂ ಒಂದೇ ಸಲ ಕಾಲು ಹಾಕಿದರು. ಒಣ ಸೌದೆ ಮುರಿದಂಥ ಶಬ್ದ. ಕೆರಿಯಪ್ಪನ ಪಾದ ಅಣ್ಣನ ಮೊಣಕಾಲ ಕೆಳಗೆ ಬಿದ್ದಿತ್ತು. ಚೆಂಡು ಅವರಿಬ್ಬರ ನಡುವೆ ಕೆಸರಿನಲ್ಲಿ ಸುಮ್ಮನೆ ನಿಂತಿತು. ಕೆರಿಯಪ್ಪನಿಗೇ ಹತ್ತಿರ. ಕಾಲು ಚಾಚಿದರೆ ಅವನದ್ದು.

ಅವನು ಬಾಗಿದ.

ಕಾಲು ತಾಗಿದರೆ ನಮ್ಮಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದ. ದಾರಿಯಲ್ಲಿ, ಊಟದ ಪಂಕ್ತಿಯಲ್ಲಿ, ಬಸ್ಸಿನ ಸೀಟಿನಲ್ಲಿ ಎಲ್ಲರೂ ಮಾಡುವುದನ್ನು. ಅಣ್ಣನ ಕಾಲು ಮುಟ್ಟಿ ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ಆಟದ ನಡುವೆ, ಚೆಂಡು ಪಕ್ಕದಲ್ಲಿ ಬಿದ್ದಿರುವಾಗ. ಬಾಯಲ್ಲಿ ಏನೋ ಅಂದ. "ಅಣ್ಣಾ" ಎಂದಿರಬೇಕು. ಉಳಿದದ್ದು ಕೇಳಲಿಲ್ಲ.

ಮಂಜಪ್ಪ ಒಂದು ಗಳಿಗೆ ನಿಂತ. ನಿಂತದ್ದು ನಿಜವೋ, ಅಥವಾ ಇಷ್ಟು ವರ್ಷದಲ್ಲಿ ನಾನೇ ಅವನನ್ನು ನಿಲ್ಲಿಸಿದ್ದೋ ಹೇಳಲಾರೆ. ಸುತ್ತ ಯಾರೋ "ಹೊಡಿಯೋ ಮಂಜ!" ಎಂದು ಕೂಗಿದರು. ಇನ್ಯಾರೋ "ಏಳೋ ಕೆರಿಯ, ಏಳೋ!" ಎಂದರು. ಇಬ್ರಾಹಿಮಣ್ಣನ ಬಾಯಲ್ಲಿ ಸೀಟಿಯಿತ್ತು, ಊದಲಿಲ್ಲ. ಊದಲು ಯಾವ ತಪ್ಪೂ ಆಗಿರಲಿಲ್ಲ. ಮಂಜಪ್ಪ ಹೊಡೆದ. ನಾನು ನೋಡುತ್ತಿದ್ದದ್ದು ಬಾಗಿದ ಬೆನ್ನನ್ನು, ಚೆಂಡನ್ನಲ್ಲ. ಆದ್ದರಿಂದಲೇ ಅದು ಎಡದಿಂದ ಹೋಯಿತೋ ಬಲದಿಂದಲೋ ಗೊತ್ತಿಲ್ಲ.

ಮೊದಲು ಒಂದು ನಗು ಎದ್ದಿತು. ಆಮೇಲೆ ಆ ನಗು ನಿಂತು ಬೇರೆ ಥರದ ಗದ್ದಲವಾಯಿತು. ಮಂಜಪ್ಪ ಕೈ ಎತ್ತಲಿಲ್ಲ, ಕುಣಿಯಲಿಲ್ಲ. ಕುಂಟುತ್ತ ನಡುಗೆರೆಗೆ ಹೋಗಿ ಬೆನ್ನು ಹಾಕಿ ನಿಂತ. ನನ್ನ ಹಿಂದೆ ಹಳ್ಳದಲ್ಲಿ ಬಿದ್ದಿದ್ದ ಚೆಂಡು ತರಲು ಬಂದವನು ಕೆರಿಯಪ್ಪ. ನನ್ನ ಪಕ್ಕ ಹಾಯುವಾಗ, "ಹಿಡಿಯಕ್ಕಾಗ್ಲಿಲ್ವಾ ಮೇಷ್ಟ್ರೇ?" ಎಂದು ನಕ್ಕ. ಆ ಇಡೀ ದಿನದಲ್ಲಿ ಅವನು ನಕ್ಕದ್ದು ಅದೊಂದೇ ಸಲ.

ದೊರೆಸ್ವಾಮಿಯವರು ಅಲ್ಲೇ, ಎಲ್ಲರ ಎದುರೇ ತೀರ್ಮಾನ ಹೇಳಿದರು. "ಹುಡುಗನ ಕಾಲು ಒಳ್ಳೆಯದು. ಆದರೆ ಕಾಲು ತಾಗಿದ್ದಕ್ಕೆಲ್ಲ ಬಾಗೋನನ್ನ ಕಟ್ಟಿಕೊಂಡು ನಾನೇನು ಮಾಡ್ಲಿ? ಎದುರಿನವರು ಗೋಲು ಹೊಡೆದು ಮನೆಗೆ ಹೋದ ಮೇಲೆ ಇವನು ಮೇಲೇಳ್ತಾನೆ. ಅಣ್ಣನನ್ನ ತಗೋತೀನಿ."

ಹೋಟೆಲಿನ ತೀರ್ಪು ಬೇರೆಯಾಯಿತು. ತಮ್ಮ ಬಾಗುತ್ತಾನೆಂದು ಗೊತ್ತಿದ್ದೇ ಮಂಜಪ್ಪ ಕಾಲು ಅಡ್ಡ ಇಟ್ಟ. ತಮ್ಮನ ಮರ್ಯಾದೆಯನ್ನೇ ಮೆಟ್ಟಿಲು ಮಾಡಿಕೊಂಡು ಕೆಲಸ ಹತ್ತಿದ. ಹೊಸನಗರದವರೂ ಅವನ ಕೈಬಿಟ್ಟರು. ಪೇಟೆಯಲ್ಲಿ ಅವನು ಕಂಡರೆ ಹುಡುಗರು ಬಾಗಿ ತಮ್ಮ ತಮ್ಮ ಕಾಲು ಮುಟ್ಟಿಕೊಂಡು ಕಣ್ಣಿಗೆ ಒತ್ತಿಕೊಳ್ಳುವುದು. ಮಂಜಪ್ಪ ಪೇಟೆಗೆ ಬರುವುದನ್ನೇ ಬಿಟ್ಟ. ಕಾಮಗಾರಿಯ ತಂಡದಲ್ಲಿ ಬಹಳ ವರ್ಷ ಆಡಿದ, ಚೆನ್ನಾಗಿ ಆಡಿದನಂತೆ. ಆದರೆ ಸಾಗರದ ಮೈದಾನದಲ್ಲಿ ಆಟವಿದ್ದರೆ ಜ್ವರ ಎನ್ನುತ್ತಿದ್ದನಂತೆ. ನೀರು ಬಂತು. ಅಪ್ಪ ಅಬ್ಬಿಯನ್ನು ಕರೆದುಕೊಂಡು ಕೆರಿಯಪ್ಪ ಹೊಸನಗರದ ಕಡೆ, ಎಲ್ಲೋ ತೋರಿಸಿದ ಕಾಡಿಗೆ ಹೋದ. ನಾನು ಮತ್ತೆ ಮೈಸೂರಿಗೆ ಹೋದೆ, ಓದಿದೆ, ಊರೂರು ತಿರುಗಿ ಪಾಠ ಮಾಡಿದೆ. ಆ ಗೋಲಿನ ಕಥೆಯನ್ನು ಎಷ್ಟು ಕಡೆ ಹೇಳಿದೆನೋ. ಕೇಳಿದವರೆಲ್ಲ ಮಂಜಪ್ಪನನ್ನು ಬೈದರು. ನಾನು ಬೈಯಲಿಲ್ಲ, ಅವನ ಪರ ನಿಲ್ಲಲೂ ಇಲ್ಲ. ಸಾಕ್ಷ್ಯ ಸಾಲದು ಎಂದುಕೊಂಡೆ.

ಆ ಪಂಕ್ಚರ್ ಅಂಗಡಿಯಲ್ಲಿ ಮಳೆ ನಿಂತ ಮೇಲೆ ವಿಚಾರಿಸಿದಾಗ ಗೊತ್ತಾಯಿತು: ಮಂಜಪ್ಪ ತೀರಿಕೊಂಡು ಕೆಲವು ವರ್ಷವಾಗಿದೆ, ಅವನ ಹೆಂಡತಿ ಗಂಗಮ್ಮ ಸಾಗರದಲ್ಲೇ ಮಗಳ ಮನೆಯಲ್ಲಿದ್ದಾರೆ. ಹೋದೆ. ಅವರಿಗೆ ನನ್ನ ಗುರುತು ಸಿಗಲಿಲ್ಲ. ಗೋಲಿನಲ್ಲಿ ನಿಂತಿದ್ದ ಮೇಷ್ಟ್ರು ಎಂದೆ.

"ಓ, ನೀವಾ! ಕೂತ್ಕಳಿ. ಅವತ್ತು ನೀವಾದ್ರೂ ಹಿಡಿದಿದ್ರೆ ಊರವ್ರ ಬಾಯಿಗೆ ಬೀಳದು ತಪ್ತಿತ್ತು ನಮ್ಮನೆಯವ್ರಿಗೆ."

ಅಣ್ಣ ತಮ್ಮ ಆಮೇಲೆ ಮಾತು ಬಿಟ್ಟರಂತಲ್ಲ ಎಂದು ಕೇಳಿದೆ. ಗಂಗಮ್ಮನಿಗೆ ಸಿಟ್ಟೇ ಬಂತು. "ಯಾರು ಹೇಳಿದ್ದು? ಸಾಯ ತನಕ ಒಂದೇ ಜೀವ. ನನ್ನ ಮಗಳ ಮದುವೆಗೆ ಚಪ್ಪರ ಹಾಕಿದ್ದು ಯಾರು ಅಂತ ಮಾಡಿದ್ರಿ? ಚಿಕ್ಕಪ್ಪನೇ."

"ಅವತ್ತು ಮೈದಾನಕ್ಕೆ ಬೇರೆ ಬೇರೆ ಬಂದರಲ್ಲ?"

"ಮನೆಯಿಂದ ಒಟ್ಟಿಗೇ ಹೊರಟ್ರು. ಪೇಟೆ ಹತ್ರ ಹೋಗಿ ಬೇರೆ ಆಗಿದ್ದು. ಒಟ್ಟಿಗೆ ಬಂದ್ರೆ ಮಾತಾಡ್ಕಂಡು ಬಂದಾರೆ, ಆಟ ಸುಳ್ಳು ಅಂತಾರೆ ಅಂತ."

ಆ ಮೇಲೆ ಅವರು ಹೇಳಿದ್ದು ನಾನು ಕೇಳಿದ್ದಕ್ಕೆ ಉತ್ತರವಲ್ಲ. ಮಾತಿಗೆ ಮಾತು ಬಂದು ಹೇಳಿದ್ದು. ಈ ಇಬ್ಬರು ಸಣ್ಣವರಿದ್ದಾಗ ಕೊಯ್ಲಾದ ಗದ್ದೆಯಲ್ಲಿ ಬಟ್ಟೆ ಚೆಂಡು ಆಡುವಾಗ ಕಾಲು ತಾಗಿದಾಗಲೆಲ್ಲ ಕೆರಿಯಪ್ಪ ಬಾಗುತ್ತಿದ್ದನಂತೆ. ಆಟ ಸಾಗುತ್ತಲೇ ಇರಲಿಲ್ಲವಂತೆ. ಅವರ ಅಬ್ಬಿಗೆ ಸಾಕಾಗಿ ಒಂದು ಕ್ರಮ ಮಾಡಿದಳು. "ಹೊರಡುವಾಗಲೇ ಒಂದ್ಸಲ ಅಣ್ಣನ ಕಾಲು ಮುಟ್ಟಿಬಿಡು, ಇವತ್ತಿನ ಒದೆ ಎಲ್ಲ ಅದ್ರಲ್ಲೇ ಬಂತು, ಮತ್ತೆ ಬಗ್ಗಬ್ಯಾಡ" ಎಂದಳು. ಅಂದಿನಿಂದ ಆಟಕ್ಕೆ ಹೊರಡುವ ದಿನ ಹೊಸ್ತಿಲ ಹತ್ತಿರ ಒಂದು ಸಲ ಮುಟ್ಟುವುದು. ಆಮೇಲೆ ಮೈದಾನದಲ್ಲಿ ಎಷ್ಟು ಒದ್ದರೂ ಲೆಕ್ಕವಿಲ್ಲ, ಬಾಗುವುದೂ ಇಲ್ಲ.

ತಕ್ಷಣ ಕೇಳಿದೆ. "ಆ ದಿನ?"

"ಆ ದಿನಾನೂ. ನಾನೇ ನಿಂತಿದ್ನಲ್ಲ ಅಲ್ಲಿ, ಕೂಸು ಎತ್ಕಂಡು."

ಗಂಗಮ್ಮ ಇದರಿಂದ ಏನು ತಿಳಿಯಬೇಕೆಂದು ಹೇಳಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ನನ್ನ ಎಂದಿನ ಚಾಳಿ ಶುರುವಾಯಿತು. ಗಂಡನ ಹೆಸರು ಉಳಿಸಲು ಹೆಂಡತಿ ಹೇಳುವ ಮಾತು ಇರಬಹುದು. ಎಲ್ಲ ಆಟದ ದಿನಗಳೂ ಅವರ ಮನಸ್ಸಿನಲ್ಲಿ ಒಂದೇ ದಿನವಾಗಿ ಕೂಡಿಕೊಂಡಿರಬಹುದು. ಒಬ್ಬರ ಮಾತು ಸಾಲದು. ಮರುದಿನ ಬೆಳಿಗ್ಗೆಯೇ ಹೊಸನಗರದ ಬಸ್ಸು ಹಿಡಿದೆ. ಆ ತಾಲೂಕಿನ ನಗರ ಎಂಬ ಊರಿನ ಹತ್ತಿರದ ಒಂದು ಹಳ್ಳಿಯಲ್ಲಿ ಕೆರಿಯಪ್ಪ ಇದ್ದಾನೆಂದು ಗಂಗಮ್ಮನೇ ಹೇಳಿದ್ದರು. ದಾರಿಯುದ್ದಕ್ಕೂ ನನಗೆ ಒಂದೇ ಆತಂಕ: ನಿನ್ನೆಯೇ ಗಂಗಮ್ಮ ಅವನಿಗೆ ಫೋನು ಮಾಡಿಬಿಟ್ಟಿದ್ದರೆ?

ಜಗಲಿಯಲ್ಲಿ ಕೂತು ಬಾಳೆನಾರು ಸೀಳುತ್ತಿದ್ದ. ಮಂಡಿ ಎರಡೂ ಊದಿದ್ದವು. ನನ್ನನ್ನು ದೂರದಿಂದ ನೋಡಿ, ಕಣ್ಣಿಗೆ ಕೈ ಅಡ್ಡ ಹಿಡಿದು, ಒಮ್ಮೆಲೇ ಕೂಗಿದ:

"ಯಾರು, ಮೇಷ್ಟ್ರಾ! ಅವತ್ತು ಬಿಟ್ಟ ಗೋಲು ಹುಡುಕ್ಕಂಡು ಬಂದ್ರಾ?"

ನಾನು ಬರುತ್ತೇನೆಂದು ಅವನಿಗೆ ಗೊತ್ತಿರಲಿಲ್ಲ. ಅಷ್ಟು ಖಚಿತವಾಯಿತು. ಕಾಫಿ ಬಂತು. ಅಣ್ಣನ ಸಾವಿನ ಮಾತಾಯಿತು, ಇಬ್ರಾಹಿಮಣ್ಣನ ಮಾತಾಯಿತು. ಯಾಕೆ ಬಾಗಿದೆ ಎಂದು ಕೇಳಬಾರದೆಂದು ದಾರಿಯಲ್ಲೇ ನಿರ್ಧರಿಸಿದ್ದೆ. ಯಾಕೆ ಎಂದು ಕೇಳಿದರೆ ಜನ ಏನಾದರೊಂದು ಕಾರಣ ಹೇಳುತ್ತಾರೆ. ಅದನ್ನು ಪರೀಕ್ಷಿಸಲು ಬರುವುದಿಲ್ಲ. ನಡೆದದ್ದನ್ನು ಮಾತ್ರ ಕೇಳಬೇಕು.

"ಕೆರಿಯಪ್ಪ, ಅವತ್ತು ಬೆಳಿಗ್ಗೆ ಮನೆ ಬಿಡುವಾಗ ಅಣ್ಣನ ಕಾಲು ಮುಟ್ಟಿದ್ದೆಯಾ?"

"ಮುಟ್ಟದೆ ಹೊರಟಿದ್ದು ಯಾವತ್ತು ಮೇಷ್ಟ್ರೇ? ಅವತ್ತೂ ಮುಟ್ಟಿದ್ದೆ. ಅತ್ತಿಗೆ ಅಲ್ಲೇ ಇದ್ರು, ಸೊಂಟದ ಮೇಲೆ ಕೂಸು. ಅದು ನನ್ನ ಕೂದ್ಲು ಹಿಡ್ಕಂಡು ಬಿಡ್ಲೇ ಇಲ್ಲ..."

ಅಲ್ಲಿಗೆ ನಿಲ್ಲಿಸಿದ. ನನ್ನ ಮುಖ ನೋಡಿದ. ಸೀಳುತ್ತಿದ್ದ ನಾರು ಕೈಯಲ್ಲೇ ಉಳಿಯಿತು. ಆಮೇಲೆ ಬೇರೆ ಕಡೆ ತಿರುಗಿ, "ಕಾಫಿ ಆರ್ತದೆ, ಕುಡೀರಿ" ಎಂದ. ನಾನು ಲೋಟ ಎತ್ತಿಕೊಂಡೆ.

ಮಳೆ ಇತ್ತೋ ಇಲ್ಲವೋ, ಮಂಜಪ್ಪ ನಿಂತನೋ ಇಲ್ಲವೋ, ಕಾಲು ಬೇಕೆಂದೇ ತಾಗಿತೋ ಇಲ್ಲವೋ ನಾನು ಇವತ್ತಿಗೂ ಹೇಳಲಾರೆ. ಒಬ್ಬರು ಸಾಗರದಲ್ಲಿ, ಒಬ್ಬರು ನಗರದ ಹತ್ತಿರ, ಒಬ್ಬರಿಗೊಬ್ಬರು ತಿಳಿಸದೆ ಹೇಳಿ ಖಚಿತವಾದದ್ದು ಒಂದೇ: ಆ ದಿನ ಬೆಳಿಗ್ಗೆ, ಆಟಕ್ಕೆ ಹೊರಡುವ ಮೊದಲೇ, ಕೆರಿಯಪ್ಪ ಅಣ್ಣನ ಕಾಲು ಮುಟ್ಟಿ ಆಗಿತ್ತು.